ಬಂತು ಎನ್ನುವ ಕೆಲಸ

ನಮ್ಮೂರಲ್ಲಿ ಗಂಡ ಹೆಂಡಿರು ಜಗಳವಾಡುವ ಮುಂಚೆ ಕಿಟಕಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ನೆರೆಹೊರೆಗೆ ಅಂಜಿ ಅಲ್ಲ, ಬಂಡೆಗೆ ಅಂಜಿ. ಊರಿನ ನೆತ್ತಿಯ ಮೇಲೆ ಕೂತಿರುವ ಆ ಬೋಳು ಬಂಡೆ ನಮ್ಮ ಜನ ಆಡಿದ ಯಾವ ಗಟ್ಟಿ ಮಾತನ್ನೂ ತನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ, ತಕ್ಷಣ ತಿರುಗಿ ಕೊಟ್ಟುಬಿಡುತ್ತದೆ. ಹೆಂಡತಿ ಅಡುಗೆಮನೆಯಲ್ಲಿ ನಿಂತು ಬೈದ ಬೈಗುಳ ಮೂರು ಬೀದಿ ದಾಟಿ ಬೀಗರ ಅಂಗಳದಲ್ಲಿ ಬಿದ್ದಿರುತ್ತದೆ. ಸೊಪ್ಪಿನವಳಿಗೆ ಮಾತ್ರ ಇದರಿಂದ ಲಾಭ, ಒಂದು ಸಲ ಕೂಗಿದರೆ ಎರಡು ಸಲ ಕೂಗಿದಂತೆ. ಆದರೆ ಹೊರಗಿನವರು ಗಂಟಲು ಹರಿಯುವಂತೆ ಕೂಗಿದರೂ ಬಂಡೆ ತುಟಿ ಪಿಟಕ್ಕೆನ್ನುವುದಿಲ್ಲ. ಹಾಗೇಕೆ ಎಂದು ನನ್ನನ್ನು ಕೇಳಬೇಡಿ. ಬಸ್ಸು ಬರುವ ಮುಂಚೆಯೂ ಹಾಗೇ ಇತ್ತು, ಕರೆಂಟು ಬಂದ ಮೇಲೂ ಹಾಗೇ ಇದೆ.

ಊರಿಗೆ ಸರ್ಕಾರದ ಕಚೇರಿ ಬಂದಾಗ ಅದೂ ಇದನ್ನೇ ಹಿಡಿದುಕೊಂಡಿತು. ಬಂಡೆ ಯಾರಿಗೆ ಓಗೊಡುತ್ತದೋ ಅವರು ಈ ನಾಡಿನ ಪ್ರಜೆ, ಉಳಿದವರು ಅಲ್ಲ. ಮಗು ಹುಟ್ಟಿ ತಿಂಗಳೊಳಗೆ ಅದನ್ನು ಬಂಡೆಯ ಬುಡದ ಜಗಲಿಗೆ ತರಬೇಕು. ಅಲ್ಲಿ ಅದು ಅಳಬೇಕು. ಅಳುವಿಗೆ ಬಂಡೆ ಓಗೊಟ್ಟಿತೋ ಇಲ್ಲವೋ ಎಂದು ಒಬ್ಬಳು ಕೇಳಿ ಹೇಳಬೇಕು. ಇದಕ್ಕೆ ನಮ್ಮಲ್ಲಿ ಆಲಿಕೆ ಎನ್ನುತ್ತಾರೆ. ಹೇಳುವುದಕ್ಕೆ ಇರುವುದು ಎರಡೇ ಮಾತು: 'ಬಂತು', ಇಲ್ಲವೇ 'ಬರಲಿಲ್ಲ'. ಬಂತು ಎಂದರೆ ಮಗುವಿಗೆ ಪ್ರಜಾಚೀಟಿ ಸಿಗುತ್ತದೆ. ಆ ಚೀಟಿ ಇದ್ದರೆ ಆಸ್ಪತ್ರೆ, ಲಸಿಕೆ, ಹಾಲಿನ ಪುಡಿ, ಶಾಲೆ ಎಲ್ಲ ಉಂಟು. ಅದಿಲ್ಲದ ಮಗುವಿಗೆ ಹೆಸರಿಡುವುದಕ್ಕೂ ಅಪ್ಪಣೆಯಿಲ್ಲ.

ಆ ಎರಡು ಮಾತಿನ ಕೆಲಸ ನನ್ನದು. ನನ್ನ ಹೆಸರು ಸಣ್ಣತಾಯಮ್ಮ, ಊರವರ ಬಾಯಲ್ಲಿ ಕಿವಿಯಮ್ಮ. ಆಲಿಕೆ ನಡೆಯುವಾಗ ನೆರೆದವರೆಲ್ಲ ಎರಡೂ ಅಂಗೈಯಿಂದ ಕಿವಿ ಒತ್ತಿ ಮುಚ್ಚಿಕೊಳ್ಳಬೇಕು. ಬಂಡೆ ಕೂಸಿಗೆ ಆಡುವ ಮೊದಲ ಮಾತನ್ನು ಬೇರೆಯವರು ಕೇಳಿಸಿಕೊಂಡರೆ ಕೂಸಿನ ಆಯಸ್ಸು ಕಮ್ಮಿಯಾಗುತ್ತದೆ ಎನ್ನುವುದು ನಂಬಿಕೆ. ನಾನು ಬಲಗೈ ಎತ್ತುವವರೆಗೆ ಯಾರೂ ಕಿವಿಯಿಂದ ಕೈ ತೆಗೆಯುವುದಿಲ್ಲ. ಪೊಲೀಸಪ್ಪ ಕೂಡ ಲಾಠಿ ನೆಲಕ್ಕಿಟ್ಟು ಕಿವಿ ಮುಚ್ಚಿಕೊಂಡು ನಿಂತಿರುತ್ತಾನೆ. ಪರರ ಮಗುವಿನ ಆಯಸ್ಸಿನ ಜೊತೆ ಆಟವಾಡುವಷ್ಟು ಕೆಟ್ಟವರು ನಮ್ಮೂರಲ್ಲಿ ಇಲ್ಲ.

ಈ ಕೆಲಸ ನನಗೆ ಬಂದದ್ದು ಅತ್ತೆ ಮಲ್ಲಾಜಮ್ಮನಿಂದ. ಮೂವತ್ತು ವರ್ಷ ಅವರೇ ಕೇಳಿದ್ದರು. ಮಂಡಿ ಸೋತು ಜಗಲಿ ಹತ್ತಲಾಗದೆ ನನ್ನನ್ನು ಕೂರಿಸಿದರು. ಮಗುವನ್ನು ಅಳಿಸುವ ಉಪಾಯ ಕಲಿಸಿಕೊಟ್ಟರು. ಚಿವುಟಬಾರದು. ಬೆಲ್ಲ ಸವರಿದ ಬೆರಳನ್ನು ಬಾಯಿಗಿಟ್ಟು, ರುಚಿ ಹತ್ತಿದ ಮೇಲೆ ಕಿತ್ತುಕೊಳ್ಳಬೇಕು. ಮೊದಲ ದಿನ ಬಂದದ್ದು ಕುಂಬಾರರ ಮನೆಯ ಗಂಡು ಕೂಸು. ಬೆರಳು ಕಿತ್ತುಕೊಂಡೆ, ಕೂಸು ಚೀರಿತು, ನಾನು ಬಂಡೆಯ ಕಡೆಗೆ ಕಿವಿ ಕೊಟ್ಟೆ.

ಏನೂ ಬರಲಿಲ್ಲ.

ಕುಂಬಾರರು ಏಳು ತಲೆಮಾರಿನಿಂದ ನಮ್ಮೂರಲ್ಲೇ ಮಡಕೆ ಮಾಡಿದವರು. ಅವರ ಕೂಸಿಗೆ ಬಂಡೆ ಓಗೊಡುವುದಿಲ್ಲವೆಂದರೇನು? ತಿರುಗಿ ನೋಡಿದೆ. ಮುನ್ನೂರು ಜನ ಕಿವಿ ಮುಚ್ಚಿಕೊಂಡು ನನ್ನ ತುಟಿಯನ್ನೇ ನೋಡುತ್ತಿದ್ದರು. ಅವರ ನಡುವೆ ಕೂತಿದ್ದ ಅತ್ತೆ ಸಣ್ಣಗೆ ತಲೆಯಾಡಿಸಿದರು. ಕೈ ಎತ್ತಿ 'ಬಂತು' ಎಂದೆ.

ಮನೆಗೆ ಬಂದು ಅತ್ತೆಯ ಮುಂದೆ ಕೂತೆ. ಅವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ತಲೆಯೆತ್ತದೆಯೇ ಹೇಳಿದರು.

"ಹಸುಗೂಸಿನ ದನಿ ಅಲ್ಲೀಗಂಟ ಹೋಯ್ತದೇನೆ? ಮೂವತ್ತು ವರ್ಷ ಕೇಳಿದೀನಿ, ಒಂದು ಕೂಸಿಗೂ ಬಂದಿಲ್ಲ. ನಾವು ಬಂತು ಅಂತೀವಿ. ಆಮೇಲೆ ಮಾತು ಕಲಿತು ಬೀದೀಲಿ ಕೂಗೋ ಹೊತ್ತಿಗೆ ಅದು ತಾನೇ ಬತ್ತದೆ."

"ನಾವು ಬರಲಿಲ್ಲ ಅಂದುಬಿಟ್ರೆ, ಆಮೇಲೂ ಬರಲ್ವಾ ಅತ್ತೆ?"

"ಹಂಗೆ ಅಂದು ನೋಡಿಲ್ಲ ಕಣೆ. ಯಾರ ಕೂಸಿನ ಮೇಲೆ ನೋಡಾಣ ಅಂತೀಯ?"

ಆ ರಾತ್ರಿಯ ಊಟ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಇಡೀ ಊರಿನ ಪ್ರಜೆತನ ನಿಂತಿರುವುದು ಬಂಡೆಯ ಮೇಲಲ್ಲ, ಎರಡು ಹೆಂಗಸರ ನಾಲಿಗೆಯ ಮೇಲೆ ಎಂದು ಗೊತ್ತಾದರೆ ಯಾರಿಗೆ ತಾನೆ ಊಟ ಸೇರುತ್ತದೆ? ಆದರೆ ಕತ್ತೆಯೂ ಹೊರೆಗೆ ಒಗ್ಗುತ್ತದೆ. ಇಪ್ಪತ್ತಾರು ವರ್ಷ ನಾನೂ 'ಬಂತು' ಎನ್ನುತ್ತಲೇ ಬಂದೆ. ಬಾಯಿ ತಪ್ಪಿಯೂ ಯಾರಿಗೂ ಗುಟ್ಟು ಬಿಡಲಿಲ್ಲ, ನನ್ನ ಯಜಮಾನರಿಗೆ ಕೂಡ.

ಹೊಳೆಗೆ ಸೇತುವೆ ಕಟ್ಟಿದ ಮೇಲೆ ಆಚೆ ನಾಡಿನಿಂದ ಬೀಗ ರಿಪೇರಿ ಮಾಡುವವನೊಬ್ಬ ಬಂದ. ಹೆಸರು ದೊರಾನ್. ಸಣಕಲು ದೇಹ, ದೊಡ್ಡ ಮೀಸೆ. ಹೆಗಲ ಮೇಲೆ ಉಪಕರಣದ ಪೆಟ್ಟಿಗೆ ಹೊತ್ತು, ನಮ್ಮ ಮಾತು ಕಲಿತು, "ಬೀಗ ರಿಪೇರಿ" ಎಂದು ಬೀದಿ ಬೀದಿ ಕೂಗುತ್ತಿದ್ದ. ಪಾಪ, ಅವನ ಕೂಗು ಒಂದೇ ಸಲ ಕೇಳಿ ಮುಗಿದುಹೋಗುತ್ತಿತ್ತು. ಎರಡು ಸಲ ಕೇಳಿಸದ ವ್ಯಾಪಾರಿಯ ಕಡೆ ನಮ್ಮ ಜನ ತಿರುಗಿಯೂ ನೋಡುವುದಿಲ್ಲ. ನಮ್ಮ ಪಕ್ಕದ ಮನೆಯ ಇಂದ್ರಾಣಿ ಶಾಲೆಯ ಸಮವಸ್ತ್ರ ಹೊಲಿಯುವವಳು, ಕಿಟಕಿಯ ಹತ್ತಿರ ಮಿಷನ್ನು ಹಾಕಿಕೊಂಡು ಕೂರುತ್ತಿದ್ದಳು. ಒಂದು ದಿನ ತಮಾಷೆಗೋ ಕನಿಕರಕ್ಕೋ, ಅವನು ಕೂಗಿದ ಮೇಲೆ ತಾನೂ ಕಿಟಕಿಯಿಂದ "ಬೀಗ ರಿಪೇರಿ" ಎಂದು ಕೂಗಿದಳು. ಬಂಡೆ ಅದನ್ನು ಎತ್ತಿಕೊಂಡು ಊರಿಗೆಲ್ಲ ಹಂಚಿತು. ಆ ದಿನ ಅವನಿಗೆ ಹನ್ನೊಂದು ಬೀಗ ಸಿಕ್ಕವು. ಮಾರನೆಯ ದಿನವೂ ಕೂಗಿದಳು, ಅದರ ಮಾರನೆಯ ದಿನವೂ. ಆರು ತಿಂಗಳ ಮೇಲೆ ಮದುವೆ. ಬೀಗ ರಿಪೇರಿಯವನು ಬೀಗರವನಾದ ಎಂದು ಊರವರು ನಕ್ಕರು, ಪಾಯಸ ಉಂಡರು.

ನಗು ಮುಗಿದದ್ದು ಮಗು ಹುಟ್ಟಿದ ಮೇಲೆ. ಎಂಟನೆಯ ತಿಂಗಳಿಗೇ ಹೆಣ್ಣು ಕೂಸು. ತೂಕ ಒಂದೂ ಮುಕ್ಕಾಲು ಕೆಜಿ. ಆಸ್ಪತ್ರೆಯವರು ಹತ್ತು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟುಕೊಂಡರು. ಹನ್ನೊಂದನೆಯ ದಿನ, ಚೀಟಿ ಇಲ್ಲದ ಮಗುವನ್ನು ಇನ್ನು ಇಟ್ಟುಕೊಳ್ಳುವಂತಿಲ್ಲ, ಇಂಥ ಕೂಸುಗಳಿಗೆಂದು ಬರುವ ಹಾಲಿನ ಪುಡಿಯನ್ನೂ ಕೊಡುವಂತಿಲ್ಲ ಎಂದು ಕೈಗಿಟ್ಟರು. ಆ ಪುಡಿ ಅಂಗಡಿಯಲ್ಲಿ ಸಿಗುವುದಲ್ಲ. ಇಂದ್ರಾಣಿಗೆ ಎದೆಹಾಲು ಸರಿಯಾಗಿ ಬಂದಿರಲಿಲ್ಲ. ಬೇಗ ಚೀಟಿ ಮಾಡಿಸಿಕೊಂಡು ಬಾರಮ್ಮ, ತಿಂಗಳು ತಡೆಯುವ ಕೂಸಲ್ಲ ಇದು ಎಂದು ನರ್ಸಮ್ಮ ಬಾಗಿಲವರೆಗೂ ಬಂದು ಹೇಳಿದಳಂತೆ.

ಕಚೇರಿಯ ಗುಮಾಸ್ತ ಏನೆಂದ ಗೊತ್ತೆ? ತಂದೆ ಹೊರನಾಡಿನವನು, ಆದ್ದರಿಂದ ಮೊದಲು ತಂದೆಯ ನಾಡಿನಲ್ಲಿ ಕೇಳಿಕೊಂಡು ಬನ್ನಿ ಎಂದ. ಹದಿಮೂರು ದಿನದ ಬಾಣಂತಿ, ಹತ್ತಿಯಲ್ಲಿ ಸುತ್ತಿದ ಕೂಸು, ಇಬ್ಬರನ್ನೂ ಕರೆದುಕೊಂಡು ದೊರಾನ್ ಸೇತುವೆ ದಾಟಿದ. ಅವರ ನಾಡಿನಲ್ಲಿ ಬಂಡೆಯಿಲ್ಲ, ಕೊಳವಿದೆ. ಆ ನೀರಿನಲ್ಲಿ ಅವರ ಜನರ ಮುಖ ಮಾತ್ರ ಕಾಣುತ್ತದೆ. ಅಲ್ಲಿ ನಡೆದದ್ದನ್ನು ಅವನು ವಾಪಸು ಬಂದು ನಮ್ಮ ಮನೆಯ ಹೊಸ್ತಿಲಲ್ಲಿ ಕೂತು ಹೇಳಿದ.

"ಅಮ್ಮಾ, ನಾನು ಮಗು ಎತ್ತಿಕೊಂಡು ಬಗ್ಗಿ ನೋಡಿದೆ. ನೀರಲ್ಲಿ ನಾನಿದ್ದೆ. ನನ್ನ ಕೈ ಎರಡೂ ಹೀಗೆ ಮಡಚಿಕೊಂಡಿತ್ತು. ಕೈಯಲ್ಲಿ ಏನೂ ಇರಲಿಲ್ಲ."

ಹೇಳುವಾಗಲೂ ಅವನ ಕೈ ಹಾಗೇ ಮಡಚಿಕೊಂಡಿತ್ತು. ಇಂದ್ರಾಣಿ ಕೊಳದ ದಡದಲ್ಲೇ ಅವನ ಕೈಯಿಂದ ಕೂಸನ್ನು ಕಿತ್ತುಕೊಂಡಳಂತೆ, ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳಂತೆ. ಕೊಳದ ಕಚೇರಿಯವರು, ಹುಟ್ಟಿದ ನೆಲ ಯಾವುದೋ ಕೂಸಿನ ನಾಡೂ ಅದೇ, ಅಲ್ಲಿಯೇ ಕೇಳಿ ಎಂದು ಸೀಲು ಒತ್ತಿ ಕಳಿಸಿದ್ದರು. ಆ ಕೊಳದ ದಡದಲ್ಲಿಯೂ ನನ್ನಂಥವಳೊಬ್ಬಳು ಇರಬಾರದಿತ್ತೇ ಎನ್ನಿಸಿತು. ಹೋಗಿ ಬರುವಷ್ಟರಲ್ಲಿ ಕೂಸಿನ ತೂಕ ಒಂದೂವರೆಗೆ ಇಳಿದಿತ್ತು.

ನಾನು ಇಂದ್ರಾಣಿಯ ಕೈ ಹಿಡಿದು, ಅಳಬೇಡ ಕಣೇ, ಆಲಿಕೆ ಮಾಡೋಳು ನಾನಲ್ವಾ, ಎಲ್ಲಾ ಸರಿ ಹೋಗ್ತದೆ ಎಂದೆ. ನನಗೆ ಪೂರಾ ಧೈರ್ಯವಿತ್ತು. ಬಂಡೆ ಸುಮ್ಮನಿರುವುದು ಖಂಡಿತ, ನಾನು ಬಂತು ಎನ್ನುವುದೂ ಖಂಡಿತ. ಬಾಕಿ ಯಾರ ಕಿವಿಗೂ ಕೆಲಸವಿಲ್ಲ.

ಆಲಿಕೆಯ ಹಿಂದಿನ ದಿನ ಕಚೇರಿಯಿಂದ ಕಾಗದ ಬಂತು. ತಂದೆ ತಾಯಿ ಬೇರೆ ಬೇರೆ ನಾಡಿನವರಾಗಿದ್ದಲ್ಲಿ ಆಲಿಕೆಯ ಸಮಯದಲ್ಲಿ ಅಧಿಕಾರಿಯೊಬ್ಬರು ಕಿವಿ ತೆರೆದು ಹಾಜರಿರತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ನಮ್ಮೂರು ಹುಟ್ಟಿದಾಗಿನಿಂದ ಯಾರೂ ಮಾಡದ ಕೆಲಸವಿದು. ಒಬ್ಬ ಗಂಡಸು ಬಂದು ಆಲಿಕೆಯ ಜಗಲಿಯಲ್ಲಿ ಕಿವಿ ಬಿಟ್ಟುಕೊಂಡು ನಿಲ್ಲುತ್ತಾನೆಂದರೆ? ಬರುವವನು ಯತಿರಾಜ ಎಂದು ಗೊತ್ತಾಯಿತು. ನಮ್ಮೂರಿನ ಹುಡುಗನೇ, ಇಪ್ಪತ್ತೈದರ ಪ್ರಾಯ, ಹೋದ ವರ್ಷ ಪರೀಕ್ಷೆ ಪಾಸು ಮಾಡಿ ಅಧಿಕಾರಿಯಾದವನು. ಒಳ್ಳೆಯವನೇ. ಹೊಸದಾಗಿ ಕೂತ ಕುರ್ಚಿಯಲ್ಲಿ ಒಳ್ಳೆಯವರು ಎಷ್ಟು ಬಿಗಿಯಾಗಿ ಕೂರುತ್ತಾರೋ ಅಷ್ಟು ಬಿಗಿ.

ಅತ್ತೆ ತೀರಿಕೊಂಡು ಎಂಟು ವರ್ಷವಾಗಿತ್ತು. ಅವರ ಮೊರ ಗೋಡೆಯಲ್ಲಿ ನೇತಾಡುತ್ತಿತ್ತು. ಅದನ್ನೇ ನೋಡಿಕೊಂಡು ಏನು ಮಾಡಲಿ ಎಂದು ಕೇಳಿದೆ. ಮೊರ ಏನು ಹೇಳೀತು?

ಬೆಳಿಗ್ಗೆ ಒಂಬತ್ತಕ್ಕೆ ಜಗಲಿಯ ಮುಂದೆ ಜಾತ್ರೆಗಿಂತ ಹೆಚ್ಚು ಜನ ಸೇರಿದ್ದರು. ಎರಡು ನಾಡಿನ ಕೂಸಿಗೆ ಬಂಡೆ ಏನೆನ್ನುತ್ತದೆ ಎನ್ನುವ ಕುತೂಹಲ ಎಲ್ಲರಿಗೂ. ಯತಿರಾಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಟ್ಟಿಗೆ ಸಿಕ್ಕಿಸಿದ ಅರ್ಜಿ ಹಿಡಿದು ನನ್ನ ಎಡಕ್ಕೆ ನಿಂತ. ದೊರಾನ್ ಕೆಳಗೆ ಹೆಂಡತಿಯ ಪಕ್ಕದಲ್ಲಿದ್ದ. ನಾನು ಸನ್ನೆ ಮಾಡಿದ ಕೂಡಲೇ ಎಲ್ಲರ ಅಂಗೈಗಳೂ ಕಿವಿಗೆ ಹೋದವು. ಯತಿರಾಜನ ಕೈ ಮಾತ್ರ ರಟ್ಟಿನ ಮೇಲೇ ಉಳಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಅಮ್ಮ ಮಗನ ಬೋಳು ಕಿವಿಗಳನ್ನು ನೋಡಿ ಹೆದರಿ ಕಣ್ಣನ್ನೂ ಮುಚ್ಚಿಕೊಂಡರು.

ಕೂಸನ್ನು ತೊಡೆಯ ಮೇಲಿಟ್ಟುಕೊಂಡೆ. ಅದರ ಪಾದ ನನ್ನ ಹೆಬ್ಬೆರಳಷ್ಟಿತ್ತು. ಬೆಲ್ಲದ ಬೆರಳನ್ನು ಚೀಪುವ ಶಕ್ತಿಯೂ ಅದಕ್ಕಿರಲಿಲ್ಲ, ತುಟಿ ತಾಗಿಸಿ ಸುಮ್ಮನಾಯಿತು. ಅಳದಿದ್ದರೆ ಆಲಿಕೆಯೇ ಇಲ್ಲ, ಮತ್ತೆ ಒಂದು ವಾರ ಕಾಯಬೇಕು. ಅಳು ನನ್ನವ್ವ, ಅಳು ಎಂದು ನಾನೇ ಬೇಡಿಕೊಂಡೆ. ಬೆರಳು ತೆಗೆದೆ. ಬಹಳ ಹೊತ್ತಿನ ಮೇಲೆ ಕೂಸು ಮುಖ ಕಿವುಚಿ ಅತ್ತಿತು. ಬೆಕ್ಕಿನ ಮರಿಯದು ಅದಕ್ಕಿಂತ ಜೋರಿರುತ್ತದೆ.

ಬಂಡೆ ಸುಮ್ಮನಿತ್ತು. ಯತಿರಾಜ ಬಂಡೆಯ ಕಡೆಗೆ ತಲೆ ವಾಲಿಸಿ ನೂರು ಎಣಿಸುವಷ್ಟು ಹೊತ್ತು ನಿಂತ. ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

"ಬರಲಿಲ್ಲ ಕಿವಿಯಮ್ಮ," ಎಂದ. "ನನಗೂ ಬೇಜಾರೇ. ಕೈ ಎತ್ತಿ, ಹೇಳಿಬಿಡಿ."

ನಾನು ಕೈ ಎತ್ತಲಿಲ್ಲ. ಎತ್ತದಿದ್ದರೆ ಯಾರ ಕಿವಿಯೂ ತೆರೆಯುವುದಿಲ್ಲ ಎನ್ನುವುದು ಆ ಕ್ಷಣಕ್ಕೆ ತಲೆಗೆ ಹೊಳೆಯಿತು. ನಾಲ್ಕುನೂರು ಜನರ ಮುಂದೆ, ಹಾಡುಹಗಲಲ್ಲಿ, ಐವತ್ತಾರು ವರ್ಷದ ಗುಟ್ಟನ್ನು ಆಡಿದರೂ ಕೇಳುವವನು ಇವನೊಬ್ಬನೇ.

"ಬಂತು ಅಂತಲೇ ಹೇಳ್ತೀನಿ ಸ್ವಾಮಿ," ಎಂದೆ.

"ಸುಳ್ಳು ಹೇಳ್ತೀರಾ?"

"ಇಪ್ಪತ್ತಾರು ವರ್ಷದಿಂದ ಹೇಳ್ತಿದೀನಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ನಾನು ನಿಲ್ಲಿಸದೆ ಹೇಳಿದೆ. ಹಸುಗೂಸಿನ ದನಿ ಬಂಡೆಯವರೆಗೆ ಹೋಗುವುದೇ ಇಲ್ಲ, ಯಾವ ಕೂಸಿಗೂ ಇದುವರೆಗೆ ಬಂದಿಲ್ಲ, ನನಗೂ ಕೇಳಿಸಿಲ್ಲ, ನಮ್ಮತ್ತೆಗೂ ಕೇಳಿಸಿಲ್ಲ, ನಾವು ಬಂತು ಎಂದದ್ದರಿಂದಲೇ ಇವರೆಲ್ಲ ಪ್ರಜೆಗಳಾಗಿ ಕೂತಿದ್ದಾರೆ ಎಂದೆ. ಅವನು ಜನರ ಕಡೆ ತಿರುಗಿದ. ಪುರಸಭೆಯ ಅಧ್ಯಕ್ಷರು, ಡಾಕ್ಟರು, ಕೂಸನ್ನು ಹೊಳೆಯಾಚೆ ಅಟ್ಟಿದ್ದ ಗುಮಾಸ್ತ, ಪೊಲೀಸಪ್ಪ, ಎಲ್ಲರೂ ಕಿವಿ ಮುಚ್ಚಿಕೊಂಡು ನಮ್ಮಿಬ್ಬರ ಬಾಯಿಯನ್ನೇ ಮಿಕಿಮಿಕಿ ನೋಡುತ್ತಿದ್ದರು.

"ಇವರಲ್ಲಿ ಯಾರಿಗೂ ಬಂದಿಲ್ವಾ?"

"ಯಾರಿಗೂ ಇಲ್ಲ. ಅಲ್ಲಿ ಕೂತಿದಾರಲ್ಲ ನಿಮ್ಮಮ್ಮ, ಅವರಿಗೂ ಇಲ್ಲ. ಅವರಿಗೆ ಬಂತು ಅಂದಿದ್ದು ನಮ್ಮತ್ತೆ."

ಅವನು ರಟ್ಟನ್ನು ಎದೆಗೆ ಒತ್ತಿಕೊಂಡ. ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು. ಅವನು ಅದನ್ನು ಕೇಳದಿರಲಿ ಎಂದು ನನಗೂ ಅನ್ನಿಸುತ್ತಿತ್ತು, ನಾನು ಎತ್ತಿ ಆಡಿಸಿದ ಹುಡುಗ ಅವನು.

"ನನಗೆ?"

"ನಿಮ್ಮನ್ನ ಹಳದಿ ಟವೆಲಲ್ಲಿ ಸುತ್ತಿ ತಂದಿದ್ರು. ಬೆಲ್ಲದ ಬೆರಳನ್ನ ಕಚ್ಚಿಕೊಂಡು ಬಿಡಲೇ ಇಲ್ಲ ನೀವು. ಕಿತ್ತುಕೊಂಡ ಮೇಲೆ ಊರೇ ಹಾರಿಹೋಗೋ ಹಂಗೆ ಅತ್ತಿರಿ. ಬಂಡೆ ಇವತ್ತಿನ ಹಂಗೇ ಸುಮ್ಮನಿತ್ತು. ನಾನು ಬಂತು ಅಂದೆ ಸ್ವಾಮಿ. ನಿಮ್ಮಮ್ಮ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ರು."

ಯತಿರಾಜ ಬಂಡೆಯ ಕಡೆಗೆ ತಿರುಗಿದ. ಒಂದು ಸಲ ಕೂಗಿ ನೋಡಿದ್ದರೆ ಸಾಕಿತ್ತು, ದಿನವೂ ಬರುವಂತೆ ಅದು ಬಂದೇ ಬರುತ್ತಿತ್ತು. ಕೂಗಲೆಂದೇ ಬಾಯಿ ತೆರೆದ. ಎದೆ ಉಬ್ಬಿತು. ದನಿ ಹೊರಡಲಿಲ್ಲ. ಬಾಯಿ ತೆರೆದುಕೊಂಡೇ ನಿಂತ, ಆಮೇಲೆ ಮೆಲ್ಲನೆ ಮುಚ್ಚಿದ. ಗುಟ್ಟು ಗೊತ್ತಾದವನಿಗೆ ಕೂಗುವುದೂ ಒಂದು ಪರೀಕ್ಷೆಯಾಯಿತು, ಆ ಪರೀಕ್ಷೆಗೆ ಕೂರುವ ಧೈರ್ಯ ಅವನಿಗೆ ಸಾಲಲಿಲ್ಲ. ಅವನ ಮುಖ ನೋಡಿ ನನಗೆ ಪಶ್ಚಾತ್ತಾಪವಾಯಿತು. ಆದರೆ ತೊಡೆಯ ಮೇಲಿದ್ದ ಕೂಸು ಒಂದೂವರೆ ಕೆಜಿ ಇತ್ತು.

"ಕೈ ಎತ್ತಿ," ಎಂದ.

ಎತ್ತಿದೆ. ನಾಲ್ಕುನೂರು ಜೊತೆ ಅಂಗೈಗಳು ಕಿವಿಯಿಂದ ಇಳಿದವು. ನಾನು 'ಬಂತು' ಎಂದೆ. ಜನ ಅಧಿಕಾರಿಯ ಮುಖ ನೋಡಿದರು. ಅವನೂ 'ಬಂತು' ಎಂದ, ಮುಂದಿನ ಎರಡು ಸಾಲಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಆಮೇಲೆ ರಟ್ಟನ್ನು ಮಂಡಿಯ ಮೇಲಿಟ್ಟುಕೊಂಡು ರುಜು ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಕೂಸು ಆಸ್ಪತ್ರೆಯ ಬೆಚ್ಚಗಿನ ಪೆಟ್ಟಿಗೆಯಲ್ಲಿತ್ತು, ಹಾಲಿನ ಪುಡಿಯೂ ಬಂತು. ಎರಡು ತಿಂಗಳಿಗೆ ಕೆನ್ನೆ ತುಂಬಿಕೊಂಡಿತು. ಹೆಸರಿಡುವ ದಿನ ದೊರಾನ್ ನನ್ನ ಅತ್ತೆಯ ಹೆಸರನ್ನೇ ಇಡುತ್ತೇನೆಂದು ಹಟ ಹಿಡಿದ. ಈ ಕಾಲದಲ್ಲಿ ಮಲ್ಲಾಜಮ್ಮ ಅಂತ ಯಾರು ಇಡ್ತಾರಪ್ಪ, ಶಾಲೇಲಿ ಮಕ್ಕಳು ನಗ್ತಾರೆ ಎಂದು ಬೈದೆ. ಕೇಳಲಿಲ್ಲ. ಯತಿರಾಜನ ವಿಷಯ ಮಾತ್ರ ವಿಚಿತ್ರ. ಅಂದಿನಿಂದ ಅವನು ನಮ್ಮೂರಲ್ಲಿ ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಜವಾನನನ್ನು ಕರೆಯಲು ಮೇಜಿನ ಮೇಲೊಂದು ಗಂಟೆ ಇಟ್ಟುಕೊಂಡಿದ್ದಾನೆ. ಎಂಥ ಮೆದು ಸ್ವಭಾವದ ಸಾಹೇಬರು ಎಂದು ಜನ ಹೊಗಳುತ್ತಾರೆ. ಎದುರಾದಾಗ ಅವನು ನನಗೆ ಕೈ ಮುಗಿದು ಬೇಗ ಬೇಗ ನಡೆದುಬಿಡುತ್ತಾನೆ.

ನನ್ನ ಭಯ ಅಲ್ಲಿಗೆ ಮುಗಿದಿರಲಿಲ್ಲ. ನಾವು ಬಂತು ಎಂದ ಮೇಲೆ ಅದು ತಾನೇ ಬರುತ್ತದೆ ಎಂದು ಅತ್ತೆ ಹೇಳಿದ್ದು ನಮ್ಮ ಕೂಸುಗಳ ಮಾತು. ಎರಡು ನಾಡಿನ ಕೂಸಿಗೆ? ಮಲ್ಲಾಜಿ ಎಂದು ನಾವು ಕರೆಯುತ್ತಿದ್ದ ಆ ಕೂಸು ಮಾತು ಕಲಿಯುವುದು ನಿಧಾನವಾಯಿತು. ಅವಳು ತೊದಲಿದಾಗಲೆಲ್ಲ ನಾನು ನೆಪ ಮಾಡಿ ಕಿಟಕಿ ಮುಚ್ಚುತ್ತಿದ್ದೆ. ಬಂಡೆ ಸುಮ್ಮನಿದ್ದರೆ ಊರು ಅವಳನ್ನು ಸುಮ್ಮನೆ ಬಿಡುವುದಿಲ್ಲ, ಕೊಟ್ಟ ಚೀಟಿಯನ್ನೂ ಕಿತ್ತುಕೊಳ್ಳುತ್ತದೆ. ಆಲಿಕೆಯಲ್ಲಿ ಬಂತು ಎಂದದ್ದನ್ನು ಕೇಳಿಯೂ, ಕೊಳದಲ್ಲಿ ಕಂಡದ್ದನ್ನು ಮರೆಯಲಾಗದೆ ಇಂದ್ರಾಣಿಗೂ ಇದೇ ಚಿಂತೆ, ದೊರಾನನಿಗೂ ಇದೇ. ಮೂವರೂ ಬಾಯಿ ಬಿಟ್ಟು ಆಡಲಿಲ್ಲ ಅಷ್ಟೆ.

ಅವಳಿಗೆ ಎರಡು ತುಂಬಿ ನಾಲ್ಕು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ನಾನು ನಮ್ಮ ಮನೆಯ ಜಗಲಿಯ ಮೇಲೆ ಬಟ್ಟೆ ಮಡಚುತ್ತಿದ್ದೆ. ದೊರಾನ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೈಯಲ್ಲಿ ಪೆಟ್ಟಿಗೆ ಹಿಡಿದು ಹೊರಟ. ಬೀದಿಯ ನಡುವೆ ನಿಂತು "ಬೀಗ ರಿಪೇರಿ" ಎಂದು ಕೂಗಿದ. ಯಾವಾಗಿನಂತೆ ಒಂದೇ ಸಲ. ಇಂದ್ರಾಣಿ ಕಿಟಕಿಯಲ್ಲಿ ಕಾಣಿಸಿಕೊಳ್ಳುವ ಮುಂಚೆಯೇ ಹೆಗಲ ಮೇಲಿದ್ದ ಪೋರಿ ಅಪ್ಪನ ಕೂದಲು ಹಿಡಿದುಕೊಂಡು, ಕತ್ತು ಮೇಲೆತ್ತಿ ಕಿರುಚಿದಳು: "ಬೀಗಾ ಪೇರೀ!"

ದೊರಾನನ ಕೈಯಿಂದ ಪೆಟ್ಟಿಗೆ ಜಾರಿ ಬಿತ್ತು. ಅವನ ಅಂಗೈಗಳು ತಾವಾಗಿಯೇ ಹೋಗಿ ಕಿವಿ ಮುಚ್ಚಿದವು. ಅವನನ್ನು ನೋಡಿ, ಆಲಿಕೆಯ ರೂಢಿಯಂತೆ, ಸೊಪ್ಪಿನವಳು ಬುಟ್ಟಿ ಇಳಿಸಿ ಕಿವಿ ಮುಚ್ಚಿದಳು, ಎದುರು ಮನೆಯವರು ಮುಚ್ಚಿದರು, ಕಿಟಕಿಯಲ್ಲಿ ಇಂದ್ರಾಣಿ ಮುಚ್ಚಿದಳು. ಬಿಟ್ಟುಕೊಂಡಿದ್ದದ್ದು ನನ್ನ ಕಿವಿ ಮಾತ್ರ. ದೊರಾನ್ ಬಂಡೆಯ ಕಡೆಗೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದ. ನಾನು ಕೈ ಎತ್ತುವುದಕ್ಕೆ ತುಸು ತಡವಾಯಿತು, ಕಣ್ಣಲ್ಲಿ ನೀರು ತುಂಬಿಕೊಂಡು ಅವನು ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಎತ್ತಿದೆ. ಅವನು ಕಿವಿಯಿಂದ ಕೈ ತೆಗೆದ.

"ಬಂತಾ ಅಮ್ಮಾ?" ಎಂದ.

"ಬಂತು ಕಣಪ್ಪ," ಎಂದೆ. ಆ ಮಾತನ್ನು ನಾನು ಸಾವಿರಾರು ಸಲ ಹೇಳಿದ್ದೇನೆ. ಕೇಳಿಸಿಕೊಂಡು ಹೇಳಿದ್ದು ಅದೊಂದೇ ಸಲ.